ಗಂಡಿನ ಕಡೆಯ ಡಾಕ್ಟರು

ಡಾಕ್ಟರು ಹೋದ ಮೇಲೆ ಬರ್ಮಿಂಗ್‌ಹ್ಯಾಮ್‌ನ ನಮ್ಮ ಕನ್ನಡದವರೆಲ್ಲ ಎಜ್‌ಬಾಸ್ಟನ್‌ನ ಒಂದು ಚರ್ಚ್ ಹಾಲ್‌ನಲ್ಲಿ ಸೇರಿ ಅವರ ಬಗ್ಗೆ ಮಾತಾಡಿದರು. ಮಾತಾಡಿದವರೆಲ್ಲ ಸುಳ್ಳು ಹೇಳಿದರು. ಒಬ್ಬರು ಅವರನ್ನು ಶಾಂತಮೂರ್ತಿ ಎಂದರು. ಇನ್ನೊಬ್ಬರು ಮಿತಭಾಷಿ ಎಂದರು. ಮತ್ತೊಬ್ಬರು ಕಣ್ಣೊರೆಸಿಕೊಂಡು, ಅವರಿಂದ ಯಾರ ಮನಸ್ಸಿಗೂ ಒಂದು ದಿನ ನೋವಾದದ್ದಿಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ಸತ್ತವರು ಬೇರೆ ಯಾರೋ ಇರಬೇಕು, ನಾವು ತಪ್ಪು ಹಾಲ್‌ಗೆ ಬಂದಿದ್ದೇವೆ ಅನ್ನಿಸಿತು.

ನಾನು ಕಂಡ ಡಾಕ್ಟರು ಜಗಳಗಂಟರು. ಮಾತು ಶುರು ಮಾಡಿದರೆ ನಮ್ಮ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ವಾಸನೆ ಬಂದರೂ ಬಿಡುತ್ತಿರಲಿಲ್ಲ. ಮುಖ್ಯವಾಗಿ, ಅವರ ಬೇಲಿಯ ವಿಷಯವನ್ನು ಆ ಹಾಲ್‌ನಲ್ಲಿ ಯಾರೂ ಎತ್ತಲಿಲ್ಲ. ಬೇಲಿ ಬಿಟ್ಟು ಡಾಕ್ಟರ ಬಗ್ಗೆ ಮಾತಾಡುವುದೆಂದರೆ ಬೇಳೆ ಹಾಕದೆ ಹುಳಿ ಮಾಡಿದ ಹಾಗೆ. ನನಗೆ ಓದು ಬರಹ ಅಷ್ಟಕ್ಕಷ್ಟೆ, ಚಿಕ್ಕಂದಿನಲ್ಲೇ ಸ್ಕೂಲು ಬಿಡಿಸಿದರು. ಆದರೂ ನಾನೇ ಬರೆಯುತ್ತಿದ್ದೇನೆ, ಓದಿದವರು ಬರೆಯಲಿಲ್ಲವಲ್ಲ.

ನನ್ನ ಮಗಳು ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ಬೆಂಗಳೂರಿನವರು, ಕಂಪ್ಯೂಟರ್ ಕೆಲಸ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮಗಳು ನನ್ನನ್ನು ಕರೆಸಿಕೊಂಡಳು. ನಾನು ನಂಜನಗೂಡಿನ ಕಡೆಯವಳು. ಪಕ್ಕದ ಮನೆಯ ಡಾಕ್ಟರು ಧಾರವಾಡದ ಕಡೆಯವರು, ಹರೆಯದಲ್ಲೇ ಬಂದು ಈ ಊರಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿ ಮುದುಕರಾದವರು. ಹೆಂಡತಿ ತೀರಿಹೋಗಿ ತುಂಬ ದಿನವಾಗಿತ್ತು. ಮಗಳೊಬ್ಬಳು ಮ್ಯಾಂಚೆಸ್ಟರ್‌ನಲ್ಲಿದ್ದಳು, ಭಾನುವಾರ ಬಂದು ಫ್ರಿಜ್ ತೆಗೆದು ನೋಡಿ, ಬೈದು ಹೋಗುತ್ತಿದ್ದಳು. ಡಾಕ್ಟರು ಸಮಾಧಾನವಾಗಿದ್ದಾಗ ನಮ್ಮ ಹಾಗೆಯೇ ಮಾತಾಡುತ್ತಿದ್ದರು. ಸಿಟ್ಟು ಬಂದರೆ ಧಾರವಾಡ ಹೊರಗೆ ಬರುತ್ತಿತ್ತು. ಹಾಗಾಗಿ ನಾನು ಹೆಚ್ಚಾಗಿ ಕೇಳಿದ್ದು ಧಾರವಾಡವನ್ನೇ.

ಎರಡು ಮನೆಗಳ ನಡುವೆ, ರಸ್ತೆಯಿಂದ ಹಿತ್ತಲಿನವರೆಗೆ, ಆ ಬೇಲಿ. ಫೀಲ್ಡ್ ಮೇಪಲ್ ಎಂಬ ಗಿಡದ ಬೇಲಿ. ಕತ್ತರಿಸುತ್ತಿದ್ದರೆ ಎದೆಮಟ್ಟದ ಪೊದೆ, ಬಿಟ್ಟರೆ ಮರ. ಎಲೆ ಸಣ್ಣದು, ಮಗು ಅಂಗೈ ಬಿಚ್ಚಿ ತೋರಿಸಿದ ಹಾಗೆ ಐದು ಮೊಂಡು ಬೆರಳು. ಕಾಯಿಗೆ ಎರಡೂ ಕಡೆ ರೆಕ್ಕೆ. ಹಳೆಯ ಕಡ್ಡಿಗಳ ಮೇಲೆ ಬೆಂಡಿನಂಥ ಏಣುಗಳು ಏಳುತ್ತವೆ, ಮುಟ್ಟಿದರೆ ಗರಗರ ಅನ್ನುತ್ತದೆ. ನೋಡಲು ಅಂಥ ಅಂದವೇನಿಲ್ಲ. ನಮ್ಮ ಕನ್ನಡದವರೆಲ್ಲ ತೋಟದಂಗಡಿಯಿಂದ ಕೆಂಪು ಎಲೆಯ ಜಪಾನಿನ ಮೇಪಲ್ ತಂದು ಬಾಗಿಲ ಮುಂದೆ ಇಡುತ್ತಿದ್ದರು. ಅದನ್ನು ಕಂಡರೆ ಡಾಕ್ಟರಿಗೆ ಮೈ ಉರಿಯುತ್ತಿತ್ತು.

"ಮೇಪಲ್ ಜಾತಿಯಲ್ಲಿ ಈ ನೆಲದ್ದೇ ಅಂತ ಇರೋದು ಇದೊಂದೇ" ಎನ್ನುತ್ತಿದ್ದರು. "ಮಿಕ್ಕಿದ್ದೆಲ್ಲ ಹೊರಗಿಂದ ಬಂದದ್ದು. ಆ ದೊಡ್ಡ ಎಲೆಯ ಸಿಕಮೋರ್ ಕೂಡ."

"ನಾವೂ ಹೊರಗಿಂದ ಬಂದವರೇ ಅಲ್ವಾ ಡಾಕ್ಟ್ರೇ?" ಎಂದೆ.

"ಅದಕ್ಕೇ ಹೇಳ್ತೀನಿ. ಬಂದವರು ಮನೆಯವನ ಹೆಸರಾದ್ರೂ ತಿಳ್ಕೋಬೇಕು."

ಆ ಹೆಸರನ್ನು ತಿಳಿಸುವುದೇ ಅವರ ನಿವೃತ್ತ ಜೀವನದ ಕೆಲಸ. ಕನ್ನಡದವರು ಯಾರಾದರೂ ಹೊಸ ಮನೆ ಕೊಂಡು ಗೃಹಪ್ರವೇಶಕ್ಕೆ ಕರೆದರೆ ಉಳಿದವರು ಬೆಳ್ಳಿಯ ಕುಂಕುಮದ ಬಟ್ಟಲು ತರುತ್ತಿದ್ದರು. ಡಾಕ್ಟರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಈ ಮೇಪಲ್‌ನ ಕಡ್ಡಿ ತರುತ್ತಿದ್ದರು. ಎಲೆಯಿಲ್ಲ, ಹೂವಿಲ್ಲ, ಬುಡದಲ್ಲಿ ಒದ್ದೆ ಬೇರು. ಮನೆಯಾಕೆ ರೇಷ್ಮೆ ಸೀರೆಯಲ್ಲಿ ಎರಡೂ ಕೈ ಚಾಚಿ ನಿಂತಿದ್ದರೆ, ಅದನ್ನು ಆ ಕೈಗೆ ಕೊಟ್ಟು, ಮಣ್ಣು ಸೀರೆಗೆ ತಾಗಿದ್ದನ್ನೂ ನೋಡದೆ, ಹಳ್ಳ ಎಷ್ಟು ತೋಡಬೇಕು ಅಂತ ಹೇಳುತ್ತಿದ್ದರು. ಮಂಗಳಾರತಿ ಅಲ್ಲಿ ಕಾಯುತ್ತಿತ್ತು. ಅರ್ಧಕ್ಕರ್ಧ ಜನ ಆ ಕಡ್ಡಿಯನ್ನು ಗ್ಯಾರೇಜಿನಲ್ಲಿಟ್ಟು ಮರೆತರು. ಮುಂದಿನ ಸಲ ಡಾಕ್ಟರು ಅವರ ಮನೆಗೆ ಹೋದಾಗ ಕಾಫಿ ಮುಟ್ಟುತ್ತಿರಲಿಲ್ಲ, ನೇರ ಹಿತ್ತಲಿಗೆ ಹೋಗಿ "ಎಲ್ಲಿ?" ಅನ್ನುತ್ತಿದ್ದರು. ಒಂದು ಮನೆಯವರು ಹೆದರಿ ಯಾವುದೋ ಗುಲಾಬಿ ಗಿಡ ತೋರಿಸಿದರಂತೆ. ಆ ಮನೆಗೆ ಅವರು ಮತ್ತೆ ಕಾಲಿಡಲಿಲ್ಲ.

ಮೈಮೇಲೆ ಯಾವಾಗಲೂ ಒಂದೇ ಕಂದು ಸ್ವೆಟರು, ಕೊರಳಿಗೆ ಟೈ. ಬೇಲಿ ಕತ್ತರಿಸುವಾಗಲೂ ಟೈ. ಜೇಬಿನಲ್ಲಿ ಕತ್ತರಿ, ಹಿಂದೆ ಅಲ್ಲೇ ಸ್ಟೆತಾಸ್ಕೋಪ್ ಇರುತ್ತಿತ್ತಂತೆ. ಎಲೆಯನ್ನು ನೋಡಬೇಕಾದರೆ ರೋಗಿಯ ಕಣ್ಣರೆಪ್ಪೆ ಕೆಳಗೆಳೆದ ಹಾಗೆ ಎಳೆದು ನೋಡುತ್ತಿದ್ದರು. ಕಾಂಡವನ್ನು ಬೆರಳಿನಿಂದ ತಟ್ಟಿ ಕಿವಿ ಕೊಡುತ್ತಿದ್ದರು. ಬೇಲಿಯ ಜೊತೆ ಮಾತಾಡುವುದು ಇಂಗ್ಲಿಷ್‌ನಲ್ಲಿ. ಯಾಕೆ ಅಂತ ಕೇಳಿದೆ. "ಅದು ಇಲ್ಲಿಯದೇ ಗಿಡ, ಅದಕ್ಕೆ ಕನ್ನಡ ಎಲ್ಲಿ ತಿಳೀಬೇಕು?" ಎಂದರು. ಅದೇ ನಾನು ಮಂಡಿನೋವು ಅಂತ ಹೇಳಿದರೆ ನನ್ನ ಮುಖವನ್ನೂ ನೋಡದೆ "ವಯಸ್ಸು" ಅಂತ ಕನ್ನಡದಲ್ಲೇ ಹೇಳಿ ಮುಗಿಸುತ್ತಿದ್ದರು.

ಒಂದು ಮೇ ತಿಂಗಳಲ್ಲಿ ನಮ್ಮನ್ನೆಲ್ಲ ಊರ ಹೊರಗಿನ ಹಳೆಯ ಕಾಡಿಗೆ ಕರೆದುಕೊಂಡು ಹೋದರು. ನೆಲದ ತುಂಬ ನೀಲಿ ಹೂವು. ಎಲ್ಲರೂ ಹೂವಿನ ನಡುವೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಡಾಕ್ಟರು ಒಂದು ಪೊದೆಯ ಪಕ್ಕ ನಿಂತು ಪಾಠ ಶುರು ಮಾಡಿದರು. ಮೇಲೆ ಓಕ್ ಮರಗಳು ಯಜಮಾನರ ಹಾಗೆ, ಅವುಗಳ ನೆರಳಿನಲ್ಲಿ ಈ ಮೇಪಲ್ ಮನೆ ನಡೆಸುವ ಹೆಂಗಸಿನ ಹಾಗೆ. ಅದರ ಎಲೆ ತಿನ್ನುವ ಹುಳು, ಹುಳು ತಿನ್ನುವ ಹಕ್ಕಿ, ಬೀಜಕ್ಕೆ ಬರುವ ಇಲಿ, ಎಲ್ಲರಿಗೂ ಅಲ್ಲೇ ಊಟ. ಹಿಂದಿನ ಕಾಲದಲ್ಲಿ ಇದನ್ನು ಬುಡಕ್ಕೆ ಕಡಿದು ಸೌದೆಗೆ, ಬಟ್ಟಲು ಕೆತ್ತುವುದಕ್ಕೆ ಒಯ್ಯುತ್ತಿದ್ದರಂತೆ. ಬುಡದಿಂದ ಮತ್ತೆ ಚಿಗುರುತ್ತಿತ್ತಂತೆ. ಚಿತ್ರಾನ್ನದ ಡಬ್ಬಿ ಬಿಚ್ಚಿ ಆಗಿತ್ತು. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ, ನಮ್ಮ ಅಳಿಯನೊಬ್ಬರನ್ನು ಬಿಟ್ಟು.

"ಹಂಗಾದ್ರೆ ಕಡಿದ್ರೂ ಏನೂ ಆಗಲ್ಲ ಅನ್ನಿ" ಎಂದರು ಅಳಿಯ.

"ಕಡಿಯೋದು ಬೇರೆ, ಕೀಳೋದು ಬೇರೆ" ಎಂದರು ಡಾಕ್ಟರು. ಚಿತ್ರಾನ್ನ ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅಳಿಯನನ್ನು ಒಂದು ಸಲ ನೋಡಿದರು.

ನೋಡಿದ್ದು ಸರಿಯಾಗಿಯೇ ಇತ್ತು. ಆ ಬೇಸಿಗೆಯಲ್ಲಿ ಅಳಿಯ ಹೊಸ ಕಾರು ಕೊಂಡರು, ಬೆಳ್ಳಿ ಬಣ್ಣದ್ದು. ಬೇಲಿಯ ಪಕ್ಕ ನಿಲ್ಲಿಸುತ್ತಿದ್ದರು. ಮೇಪಲ್ ಎಲೆಗಳಲ್ಲಿ ಒಂದು ಥರ ಹೇನು ಆಗುತ್ತದೆ. ಅವು ರಸ ಕುಡಿದು ಸಿಹಿ ಅಂಟು ಉದುರಿಸುತ್ತವೆ. ಒಂದು ವಾರದಲ್ಲಿ ಕಾರಿನ ಮೇಲೆ ಬೆಲ್ಲದ ಪಾಕ ಹೊಯ್ದ ಹಾಗಾಯಿತು. ಅದರ ಮೇಲೆ ಧೂಳು, ಧೂಳಿನ ಮೇಲೆ ಕಣಜ. ಅಳಿಯ ಬೆಳಗ್ಗೆ ಟೈ ಕಟ್ಟಿಕೊಂಡು ಹೊರಗೆ ಹೋದವರು ಬಕೆಟ್‌ಗಾಗಿ ವಾಪಸು ಬರುವರು.

"ಡಾಕ್ಟ್ರೇ, ನಿಮ್ಮ ಬೇಲಿ ನನ್ನ ಕಾರು ಹಾಳು ಮಾಡ್ತಿದೆ."

"ಕಾರು ಆ ಕಡೆ ಸರಸ್ರಿ."

"ಜಾಗ ಎಲ್ಲಿದೆ? ಬೇಲಿ ತೆಗೆಸಿ."

"ಬೇಲಿ ನಿಮ್ಮ ಕಾರಿಗಿಂತ ಮೊದಲು ಬಂದದ ತಮ್ಮಾ. ಆ ಹೇನು ತಿನ್ಲಿಕ್ಕೆ ಎಷ್ಟು ಹಕ್ಕಿ ಬರ್ತಾವ ನೋಡಿರೇನು?"

"ನೋಡಿದೀನಿ. ಅವು ಮಾಡೋದೂ ಕಾರಿನ ಮೇಲೇ."

ಅಲ್ಲಿಗೆ ಇಬ್ಬರ ಮಾತು ನಿಂತಿತು. ಬೇಲಿ ಗಡಿಯ ಮೇಲೇ ಇದ್ದದ್ದರಿಂದ ಅರ್ಧ ಅವರದು ಅರ್ಧ ನಮ್ಮದು ಅಂತ ಲಾಯರು ಹೇಳಿದರಂತೆ. ನಮ್ಮ ಅರ್ಧ ಕಿತ್ತರೆ ಅವರ ಅರ್ಧ ಎಲ್ಲಿ ಉಳಿಯುತ್ತದೆ, ಗಿಡವೇನು ರೊಟ್ಟಿಯೇ? ಅಳಿಯ ಯಂತ್ರದವನನ್ನು ಗೊತ್ತು ಮಾಡಿದರು. ಹಕ್ಕಿ ಗೂಡು ಕಟ್ಟುವ ಕಾಲ ಮುಗಿಯಲಿ ಅಂತ ಅವನು ನವೆಂಬರ್‌ಗೆ ಒಪ್ಪಿಕೊಂಡ. ತುಳಸಿ ಹಬ್ಬ ಆ ವರ್ಷ ಶನಿವಾರ ಬಿತ್ತು. ಅದಾದ ಸೋಮವಾರ ಬೆಳಗ್ಗೆ ಯಂತ್ರ ಬಂದು ಬೇಲಿಯನ್ನು ಬೇರುಸಹಿತ ಕೀಳುವುದು, ಆ ಜಾಗದಲ್ಲಿ ಎತ್ತರದ ಹಲಗೆ ಬೇಲಿ ಹಾಕುವುದು ಎಂದು ತೀರ್ಮಾನವಾಯಿತು. ನನಗೆ ಅದರಲ್ಲಿ ಯಾವ ಪಕ್ಷವೂ ಇರಲಿಲ್ಲ. ಬೇಲಿ ಇದ್ದರೇನು, ಹಲಗೆ ಇದ್ದರೇನು, ನನ್ನ ಮಂಡಿನೋವು ಅದೇ.

ನನ್ನ ತೊಂದರೆ ಬೇರೆ ಇತ್ತು. ತುಳಸಿ ಮದುವೆಗೆ ಗಂಡು ಬೇಕು. ನಮ್ಮೂರಲ್ಲಾದರೆ ನೆಲ್ಲಿಕೊಂಬೆ ತಂದು ತುಳಸಿಯ ಪಕ್ಕ ನೆಡುತ್ತೇವೆ, ಅದೇ ವರ. ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲ್ಲಿಕೊಂಬೆ ಎಲ್ಲಿಂದ ತರುವುದು? ಅಂಗಡಿಯಲ್ಲಿ ನೆಲ್ಲಿಕಾಯಿ ಸಿಕ್ಕರೂ ಕೊಂಬೆ ಸಿಗುವುದಿಲ್ಲ. ಹಿಂದಿನ ವರ್ಷ ಮಗಳು ಆಸ್ಪತ್ರೆಯಿಂದ ಬರುತ್ತ ಪ್ಲಾಸ್ಟಿಕ್ಕಿನ ಹಸಿರು ಕೊಂಬೆ ತಂದಿದ್ದಳು, ಕ್ರಿಸ್ಮಸ್ಸಿಗೆ ಅಂತ ಮಾರುವುದು. ಅದಕ್ಕೆ ಸಣ್ಣ ಗಂಟೆ ಬೇರೆ ಕಟ್ಟಿತ್ತು. ಅಂಥ ಗಂಡಿಗೆ ಹೆಣ್ಣು ಕೊಟ್ಟು ನನಗೆ ಸಮಾಧಾನವಾಗಿರಲಿಲ್ಲ.

ಶುಕ್ರವಾರ ಬೇಲಿಯ ಹತ್ತಿರ ಹೋದೆ. ಎಲೆಯೆಲ್ಲ ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಒಳಗಡೆ ಮಾತ್ರ ಇನ್ನೂ ಹಸಿರು. ಒಂದು ಹಸಿರೆಲೆ ಕಿತ್ತೆ. ತೊಟ್ಟಿನಿಂದ ಹಾಲು ಬಂತು. ಬೆಳ್ಳಗೆ, ಒಂದು ತೊಟ್ಟು. ನನಗೆ ಖುಷಿಯಾಯಿತು. ಮದುವೆಗೆ ಹಾಲುಗಂಬ ನಿಲ್ಲಿಸಬೇಕಾದರೆ ನಾವು ಹಾಲಿರುವ ಮರವನ್ನೇ ಹುಡುಕಿ ತರುತ್ತೇವಲ್ಲ. ಹೇಗೂ ಸೋಮವಾರ ಸಾಯುವ ಗಿಡ, ಶನಿವಾರ ಮದುವೆಯಾದರೂ ಆಗಲಿ ಅಂತ ಒಂದು ಕೊಂಬೆಗೆ ಕೈ ಹಾಕಿ ಬಗ್ಗಿಸಿದೆ.

"ಯಾರ್ರಿ ಅದು? ಏನ ಮಾಡ್ಲಿಕ್ಕತ್ತೀರಿ ನಮ್ಮ ಗಿಡದಾಗ?"

ಬೇಲಿಯ ಆಚೆಯಿಂದ ಟೈ ಕಾಣಿಸಿತು, ಆಮೇಲೆ ಡಾಕ್ಟರು.

"ಗಂಡು ನೋಡ್ತಿದೀನಿ ಡಾಕ್ಟ್ರೇ."

"ಏನು?"

"ನಾಳೆ ತುಳಸಿ ಮದುವೆ. ನೆಲ್ಲಿಕೊಂಬೆ ಇಲ್ಲ. ನಿಮ್ಮ ಹುಡುಗನ್ನ ಕೇಳೋಣ ಅಂತ ಬಂದೆ. ಹಾಲಿದೆ, ಒಳ್ಳೇ ಕುಲ."

"ನಾ ದೇವರನ್ನ ನಂಬಂಗಿಲ್ಲ, ನಿಮಗ ಗೊತ್ತದ."

"ನಂಬಬೇಕಾದ್ದು ಹೆಣ್ಣಿನ ಕಡೆಯವರು. ಗಂಡಿನ ಕಡೆಯವರು ಬಂದು ಊಟ ಮಾಡಿದ್ರೆ ಸಾಕು."

ಅವರು ಬೈಯುತ್ತಾರೆ ಅಂದುಕೊಂಡೆ. ಬೈದರು, ಆದರೆ ಬೇರೆ ಕಾರಣಕ್ಕೆ.

"ಕೈಲೆ ಮುರೀಬ್ಯಾಡ್ರಿ, ಸಿಬರು ಏಳ್ತದ! ತಡೀರಿ." ಕತ್ತರಿ ತೆಗೆದು ತಾವೇ ಒಂದು ಒಳ್ಳೆಯ ಕೊಂಬೆ ಹುಡುಕತೊಡಗಿದರು. "ಕಾರ್ತಿಕದಾಗ ಕತ್ತರಿಸಿದ್ರ ಗಿಡಕ್ಕ ಏನೂ ಆಗಂಗಿಲ್ಲ. ಮಾಘದಾಗ ಮಾತ್ರ ಕೈ ಹಚ್ಚಬಾರದು. ಆವಾಗ ನೀರು ಮೇಲೆ ಏರಿರ್ತದ, ಗಾಯದಿಂದ ಸೋರ್ತಾನೇ ಇರ್ತದ."

"ಸೋಮವಾರ ಕಿತ್ತಾಕ್ತಾರಲ್ಲ, ಇನ್ನು ಯಾವ ಮಾಘ?" ಎಂದೆ. ನನಗೆ ಬಾಯಿ ತಡೆಯುವುದಿಲ್ಲ.

ಡಾಕ್ಟರ ಕತ್ತರಿ ನಿಂತಿತು. ಆಮೇಲೆ ಹೇಳಿದರು. ಅವರೂ ಹೆಂಡತಿಯೂ ಈ ಮನೆಗೆ ಬಂದ ಹೊಸದರಲ್ಲಿ, ಈಗ ನಾವಿರುವ ಮನೆಯಲ್ಲಿ ಒಬ್ಬ ಇಂಗ್ಲಿಷ್‌ನವನಿದ್ದನಂತೆ. ಇವರು ಸಾಮಾನು ಇಳಿಸಿದ ವಾರವೇ ಅವನು ಆಳೆತ್ತರದ ಹಲಗೆ ಹೊಡೆಸಿದನಂತೆ. ಇವರ ಅಡುಗೆಮನೆ ಕಿಟಕಿಯಿಂದ ಆ ಹಲಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲವಂತೆ. ಅವನು ಮನೆ ಮಾರಿ ಹೋದ ಮೇಲೆ ಹಲಗೆ ಕೊಳೆತು ಬಿತ್ತು. ಆ ಜಾಗದಲ್ಲಿ ಇವರು ಕಡ್ಡಿ ನೆಟ್ಟರು.

"ಈ ಗಿಡಾನೇ ಯಾಕ ಅಂದ್ರ, ಬ್ಯಾಸಗಿಯೊಳಗ ಮರೆ ಇರ್ತದ. ಚಳಿಗಾಲದಾಗ ಎಲಿ ಉದುರಿ ಪಕ್ಕದ ಮನೀ ದೀಪ ಕಾಣ್ತದ. ಆಗ ಹಲಗಿ ಹೊಡದಾಂವ ಯಾವನೋ. ಈಗ ನಮ್ಮವರೇ ಹೊಡೀಲಿಕ್ಕತ್ತಾರ. ಇರ್ಲಿ ಬಿಡ್ರಿ." ಕೊಂಬೆ ಕತ್ತರಿಸಿ ನನ್ನ ಕೈಗೆ ಕೊಟ್ಟರು.

ನನಗೆ ಅಳುವುದು ಕರೆಯುವುದು ಬರುವುದಿಲ್ಲ. ಆದರೆ ಯಾರ ಮದುವೆ ಹೇಗೆ ನಡೆಯುತ್ತದೆ ಎಂಬುದು ಚೆನ್ನಾಗಿ ಗೊತ್ತು.

"ಡಾಕ್ಟ್ರೇ, ನಾಳೆ ನೀವು ಗಂಡಿನ ಕಡೆಯವರು. ಗಂಡಿನ ಕಡೆಯವರು ಮುನಿಸಿಕೊಂಡ್ರೆ ಏನು ಕೇಳಿದ್ರೂ ಕೊಡಬೇಕು."

"ನನಗ ಮುನಿಸ್ಕೋಳಿಕ್ಕೆ ಬರಂಗಿಲ್ಲ" ಎಂದರು. ಅಷ್ಟು ದೊಡ್ಡ ಸುಳ್ಳನ್ನು ಅವರು ಮುಖ ಗಂಟು ಹಾಕಿಕೊಂಡೇ ಹೇಳಿದರು. ಆಮೇಲೆ ಏನೋ ನೆನಪಾದವರ ಹಾಗೆ, "ನಮ್ಮಪ್ಪ ನನ್ನ ಮದುವಿಯೊಳಗ ಉಪ್ಪಿಟ್ಟಿನಾಗ ಗೋಡಂಬಿ ಇಲ್ಲಂತ ಕಟ್ಟಿ ಮ್ಯಾಲೆ ಮುಖ ತಿರುಗಿಸಿ ಕೂತಿದ್ದ. ನನಗ ಎಷ್ಟು ನಾಚಿಕಿ ಆಗಿತ್ತು" ಎಂದರು.

"ನಿಮ್ಮಪ್ಪ ಹೆಂಗೆ ಕೂತಿದ್ರು ಅಂತ ಇವತ್ತು ರಾತ್ರಿ ಸ್ವಲ್ಪ ನೆನಪು ಮಾಡ್ಕೊಳ್ಳಿ" ಎಂದು ಹೇಳಿ ಬಂದೆ.

ಶನಿವಾರ ಸಂಜೆ ನಮ್ಮ ಮನೆ ತುಂಬಿತು. ಅಡುಗೆಮನೆ ಕಿಟಕಿಯಲ್ಲಿ ನಾಲ್ಕು ಎಲೆ ಹಿಡಿದುಕೊಂಡು ಹೇಗೋ ಬದುಕಿದ್ದ ತುಳಸಿಯನ್ನು ಹಾಲ್‌ನ ನಡುವೆ ಸ್ಟೂಲಿನ ಮೇಲೆ ಕೂರಿಸಿ, ರವಿಕೆ ಕಣ ಸುತ್ತಿ, ಕರಿಮಣಿ ಹಾಕಲು ಸಿದ್ಧ ಮಾಡಿದ್ದಾಯಿತು. ಪಕ್ಕದಲ್ಲಿ ಅರಿಶಿನ ಬಣ್ಣದ ಎಲೆಯ ಮೇಪಲ್ ಕೊಂಬೆ. ಹೆಣ್ಣಿಗಿಂತ ಗಂಡೇ ಲಕ್ಷಣವಾಗಿದ್ದ. ಪುರೋಹಿತರು ಇರಲಿಲ್ಲ, ಮಂತ್ರ ಕ್ಯಾಸೆಟ್‌ನಲ್ಲಿತ್ತು.

ಡಾಕ್ಟರು ಬಂದರು. ಮೂಲೆಯ ಕುರ್ಚಿಯಲ್ಲಿ ಕೂತು, ಕೈ ಕಟ್ಟಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅಳಿಯ ಅವರನ್ನು ನೋಡಿ ಬೆಚ್ಚಿದರು.

"ಇವರನ್ನ ಯಾರು ಕರೆದದ್ದು ಅತ್ತೆ?"

"ಗಂಡಿನ ಕಡೆಯವರು ಅಳಿಯಂದಿರೇ. ಗಂಡು ಅವರ ಮನೆಯದು. ಕಾಫಿ ಕೊಡಿ."

ಇಷ್ಟು ಜನರ ಮುಂದೆ ಇನ್ನೇನು ಮಾಡುತ್ತಾರೆ, ಅಳಿಯ ಕಾಫಿ ಒಯ್ದರು. ಡಾಕ್ಟರು ಲೋಟ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದರು.

"ಕಾಫಿ ತಣ್ಣಗದ."

ಬಿಸಿ ಮಾಡಿ ತಂದದ್ದಾಯಿತು. "ಈಗ ಬಾಯಿ ಸುಡ್ತದ" ಎಂದರು. ಕೋಸಂಬರಿ ಕೊಟ್ಟರೆ, "ಮದುವಿ ಮನಿಯೊಳಗ ಇಷ್ಟೇನು ಉಪ್ಪು? ಬಿಪಿ ಇದ್ದವರು ಏನು ಮಾಡಬೇಕು?" ಎಂದರು. ಬಾಗಿಲಲ್ಲಿ ಕಾಲಿಗೆ ನೀರು ಕೊಡಲಿಲ್ಲ ಎಂದರು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ಮೊದಮೊದಲು ಡಾಕ್ಟರಿಗೆ ಸ್ವಲ್ಪ ಸಂಕೋಚವಿತ್ತು. ಬರಬರುತ್ತ ಅವರಪ್ಪನೇ ಮೈಮೇಲೆ ಬಂದ ಹಾಗಾಯಿತು.

ಕ್ಯಾಸೆಟ್ ಯಾರಿಗೂ ಕಾಯುತ್ತಿರಲಿಲ್ಲ. ಅಂತರಪಟ ಮುಗಿಸಿ ಮಾಂಗಲ್ಯದ ಮಂತ್ರ ಹತ್ತಿರವಾಯಿತು. ಆಗ ಡಾಕ್ಟರು ಎದ್ದರು. ಎಲ್ಲರೂ ಅಕ್ಷತೆ ಹಾಕಲು ಎದ್ದರು ಅಂದುಕೊಂಡರು. ಅವರು ನೇರವಾಗಿ ಹೋಗಿ, ಕೊಂಬೆಯನ್ನು ಕುಂಡದಿಂದ ಕಿತ್ತು, ಕಂಕುಳಲ್ಲಿಟ್ಟುಕೊಂಡರು.

"ನಮ್ಮ ಹುಡುಗನ್ನ ಕರಕೊಂಡು ಹೊಂಟೀನಿ. ಈ ಸಂಬಂಧ ನಮಗ ಬ್ಯಾಡ."

ಹಾಲ್ ತುಂಬ ಗಲಾಟೆ. ಕ್ಯಾಸೆಟ್‌ನಲ್ಲಿ ಮಂಗಳವಾದ್ಯ ಜೋರಾಗಿ ಹೊಡೆಯಿತು. ಮಗಳು ಓಡಿ ಹೋಗಿ ಗುಂಡಿ ಒತ್ತಿ ನಿಲ್ಲಿಸಿದಳು. ಮಣ್ಣು ಕಾರ್ಪೆಟ್ ಮೇಲೆಲ್ಲ ಚೆಲ್ಲಿತ್ತು. ಬಾಗಿಲ ಹತ್ತಿರ ಡಾಕ್ಟರು, ಕಂಕುಳಲ್ಲಿ ವರ.

"ರೀ, ಹೋಗಿ ಕೇಳಿ, ಏನ್ ಬೇಕಂತೆ!" ಎಂದಳು ಮಗಳು ಗಂಡನಿಗೆ. ಅವಳಿಗೆ ನಗು, ಆದರೆ ಹಬ್ಬದ ದಿನ ಮದುವೆ ಅರ್ಧಕ್ಕೆ ನಿಂತಿತಲ್ಲ ಎಂಬ ಭಯವೂ ಇತ್ತು. ಅಳಿಯನಿಗೂ ಇತ್ತು. ಕಂಪ್ಯೂಟರ್ ಕೆಲಸದವರಿಗೆ ಇಂಥ ಭಯ ಎಲ್ಲರಿಗಿಂತ ಒಂದು ಕೈ ಹೆಚ್ಚು.

"ಡಾಕ್ಟ್ರೇ, ಬನ್ನಿ, ಕೂತ್ಕೊಳ್ಳಿ" ಎಂದರು ಅಳಿಯ.

"ಡಾಕ್ಟ್ರೇ ಅಲ್ಲ, ಬೀಗರೇ ಅನ್ನಿ" ಎಂದೆ ನಾನು.

"ಬೀಗರೇ" ಎಂದರು ಅಳಿಯ, ಹಲ್ಲು ಕಚ್ಚಿ. "ಏನ್ ಬೇಕು ಹೇಳಿ."

ಏನು ಕೇಳಬೇಕು ಅಂತ ಬೆಳಗ್ಗೆ ಬೇಲಿಯ ಹತ್ತಿರ ನಾನು ಹೇಳಿಕೊಟ್ಟಿದ್ದ ಮಾತು ಡಾಕ್ಟರಿಗೆ ಮರೆತು ಹೋಗಿರಬೇಕು. ಕೊಂಬೆಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದರು. ಧಾರವಾಡ ಬರಲಿಲ್ಲ, ಮೆಲ್ಲಗೆ ನಮ್ಮ ಭಾಷೆಯಲ್ಲೇ ಹೇಳಿದರು.

"ಬೀಗರ ಮನೆಗೂ ನಮ್ಮ ಮನೆಗೂ ನಡುವೆ ಹಲಗೆ ಬೇಡಪ್ಪ. ಅಷ್ಟೇ."

ಅಳಿಯ ಅವರ ಮುಖ ನೋಡಿದರು, ತುಳಸಿಯ ಮುಖ ನೋಡಿದರು. ಹೆಂಡತಿಯ ಮುಖ ನೋಡಲು ಹೋಗಲಿಲ್ಲ, ಅಲ್ಲಿ ಏನಿದೆ ಅಂತ ಗೊತ್ತಿತ್ತು.

"ಕಾರಿನ ಗತಿ ಏನು?" ಎಂದರು ಕಡೆಗೆ. ಆ ಪ್ರಶ್ನೆಯಲ್ಲೇ ಅವರು ಸೋತಿದ್ದರು.

"ಬೆಡ್‌ಶೀಟ್ ಕೊಡ್ತೀನಿ, ಹೊದಿಸ್ರಿ" ಎಂದರು ಡಾಕ್ಟರು.

ಕೊಂಬೆ ಮತ್ತೆ ಕುಂಡಕ್ಕೆ ಬಂತು. ಮಗಳು ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದಳು, ಅದು ಸ್ವಲ್ಪ ಹೆಚ್ಚೇ ತಿರುಗಿ ಮದುವೆ ಸಂಕಲ್ಪದಿಂದ ಶುರುವಾಯಿತು. ಡಾಕ್ಟರು ಅಕ್ಷತೆ ಹಾಕಲಿಲ್ಲ. ಊಟಕ್ಕೆ ಮಾತ್ರ ಮೊದಲ ಪಂಕ್ತಿಯಲ್ಲೇ ಕೂತು, ಬೀಗರಿಗೆ ಅಂತ ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಸೋಮವಾರ ಯಂತ್ರದವನು ಬಂದು, ಅಳಿಯ ಕೊಟ್ಟ ಚಹಾ ಕುಡಿದು, ವಾಪಸು ಹೋದ. ಬೆಡ್‌ಶೀಟ್ ಅವತ್ತೇ ಬಂತು. ಡಾಕ್ಟರ ಹೆಂಡತಿಯ ಕಾಲದ್ದು, ದೊಡ್ಡ ದೊಡ್ಡ ನೇರಳೆ ಹೂವಿನದು. ಬೆಳ್ಳಿ ಬಣ್ಣದ ಹೊಸ ಕಾರು ಆ ಹೂವು ಹೊದ್ದುಕೊಂಡು ನಿಂತಾಗ ಎದುರು ಮನೆಯ ಇಂಗ್ಲಿಷ್‌ನವಳು ನನ್ನನ್ನು ಏನೋ ಕೇಳಿದಳು. ನಾನು "ಯೆಸ್ ಯೆಸ್" ಎಂದೆ.

ಈ ಕಥೆ ಊರೆಲ್ಲ ಹರಡಿತು. ಮರುವರ್ಷದಿಂದ ತುಳಸಿ ಹಬ್ಬ ಬಂತೆಂದರೆ ಬರ್ಮಿಂಗ್‌ಹ್ಯಾಮ್‌ನ ಕನ್ನಡದ ಹೆಂಗಸರೆಲ್ಲ ಗಂಡು ಕೇಳಿಕೊಂಡು ಡಾಕ್ಟರ ಬಾಗಿಲಿಗೆ ಬರತೊಡಗಿದರು. ದೇವರನ್ನು ನಂಬದ ಮನುಷ್ಯ ಕತ್ತರಿ ಹಿಡಿದು ಬೇಲಿಯ ಮುಂದೆ ನಿಲ್ಲುತ್ತಿದ್ದರು. ಸುಮ್ಮನೆ ಕೊಡುತ್ತಿರಲಿಲ್ಲ.

"ನಿಮ್ಮ ತುಳಸಿ ಹೆಂಗದಾಳ?" ಎಂದು ಮೊದಲು ಕೇಳುವರು.

"ಸ್ವಲ್ಪ ಬಾಡಿದೆ ಡಾಕ್ಟ್ರೇ."

"ನೀರು ಜಾಸ್ತಿ ಹಾಕೀರಿ. ಸಾಯೋ ಹೆಣ್ಣಿಗೆ ನಮ್ಮ ಹುಡುಗನ್ನ ಕೊಡಂಗಿಲ್ಲ. ಹೋಗಿ ಬಿಸಿಲಿಗಿಡ್ರಿ."

ಅವರಿಗೆ ಇದರಲ್ಲಿ ಲಾಭವೂ ಇತ್ತು. ಪ್ರತಿ ವರ್ಷ ಸರಿಯಾದ ತಿಂಗಳಲ್ಲಿ ಬೇಲಿ ಕತ್ತರಿಸಿದ ಹಾಗಾಗುತ್ತಿತ್ತು. ಅದನ್ನು ಅವರೇ ನನಗೆ ಹೇಳಿ ನಕ್ಕರು. ಗೃಹಪ್ರವೇಶದಲ್ಲಿ ಕೊಟ್ಟ ಕಡ್ಡಿಗಳನ್ನು ಗ್ಯಾರೇಜಿನಲ್ಲಿ ಒಣಗಿಸಿದವರು ಕೂಡ ಈಗ ಒಂದು ಗಿಡ ಇದ್ದರೆ ಕೊಡಿ ಎನ್ನುತ್ತಿದ್ದರು, ಹಬ್ಬಕ್ಕೆ ಮನೆಯಲ್ಲೇ ಗಂಡು ಇರಲಿ ಅಂತ. ಇಷ್ಟು ವರ್ಷ ಪಾಠ ಹೇಳಿ ಆಗದ ಕೆಲಸ ಒಂದು ಮುನಿಸಿನಿಂದ ಆಯಿತು. ಡಾಕ್ಟರಿಗೆ ಅದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತಿತ್ತು. "ಕಾರಣ ತಪ್ಪು, ಫಲಿತಾಂಶ ಸರಿ" ಎಂದು ಗೊಣಗುತ್ತಿದ್ದರು. ನಮ್ಮ ಮನೆಯ ಹಬ್ಬಕ್ಕೆ ಮಾತ್ರ ತಪ್ಪದೆ ಬಂದು, ಆ ಮೂಲೆಯ ಕುರ್ಚಿಯಲ್ಲೇ ಕೂತು, ಕಾಫಿ ತಣ್ಣಗದ ಅನ್ನುತ್ತಿದ್ದರು. ಮಗಳು ಕ್ಯಾಸೆಟ್ ನಿಲ್ಲಿಸುತ್ತಿದ್ದಳು. ಅಳಿಯ "ಏನ್ ಬೇಕು ಬೀಗರೇ?" ಎನ್ನುತ್ತಿದ್ದರು. ಬೇಲಿ ಉಳಿದ ಮೇಲೆ ಕೇಳುವುದಕ್ಕೆ ಏನೂ ಇರಲಿಲ್ಲ. ಒಂದು ವರ್ಷ ಮೈಸೂರುಪಾಕು ಕೇಳಿದರು, ಇನ್ನೊಂದು ವರ್ಷ ನನ್ನ ಬಾಯಿಗೆ ಬೀಗ ಕೇಳಿದರು.

ಅವರು ಹೋದದ್ದು ಫೆಬ್ರವರಿಯಲ್ಲಿ. ಮಲಗಿದವರು ಏಳಲಿಲ್ಲ. ಪೆಟ್ಟಿಗೆಯ ಮೇಲೆ ಇಡೋಣ ಅಂತ ಅಳಿಯ ಯಾರಿಗೂ ಹೇಳದೆ ಬೇಲಿಯಿಂದ ಒಂದು ಕೊಂಬೆ ಕತ್ತರಿಸಿ ತಂದರು. ಬರಿಯ ಕಡ್ಡಿ, ಒಂದು ಎಲೆಯಿಲ್ಲ.

"ಯಾವ ತಿಂಗಳು ಇದು ಅಳಿಯಂದಿರೇ?" ಎಂದೆ.

"ಫೆಬ್ರವರಿ."

"ಮಾಘ. ಮಾಘದಲ್ಲಿ ಮುಟ್ಟಬೇಡಿ ಅಂತ ಆ ಮನುಷ್ಯ ಎಷ್ಟು ಸಲ ಬಡ್ಕೊಂಡಿದ್ರು. ಎದ್ದು ಕೂತು ಬೈತಾರೆ ನೋಡಿ."

ಅಳಿಯ ಆ ಕಡ್ಡಿಯನ್ನೇ ಒಯ್ದು ಪೆಟ್ಟಿಗೆಯ ಮೇಲಿಟ್ಟರು. ಬೇಲಿಯಲ್ಲಿ ಕಡಿದ ಜಾಗದಿಂದ ನೀರು ತೊಟ್ಟಿಕ್ಕುವುದು ಬಹಳ ದಿನ ನಿಲ್ಲಲಿಲ್ಲ. ಅಳಿಯ ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಅಲ್ಲಿ ಹೋಗಿ ಬಗ್ಗಿ ನೋಡಿ, ಆಮೇಲೆ ಬೆಡ್‌ಶೀಟ್ ಮಡಚಿ ಕಾರು ಹತ್ತುತ್ತಿದ್ದರು.

ಈ ನವೆಂಬರ್‌ನಲ್ಲಿ ಡಾಕ್ಟರ ಮನೆಯ ಮುಂದೆ ಮಾರಾಟದ ಬೋರ್ಡು ನಿಂತಿತ್ತು. ಬರುವವರು ಯಾರೋ, ಅವರಿಗೆ ಗಿಡ ಇಷ್ಟವೋ ಹಲಗೆ ಇಷ್ಟವೋ ಗೊತ್ತಿಲ್ಲ. ಹಬ್ಬಕ್ಕೆ ಹೆಂಗಸರು ಬಂದರು. ಅಳಿಯ ಕತ್ತರಿ ಹಿಡಿದು ನಿಂತು ಒಬ್ಬೊಬ್ಬರಿಗೆ ಒಂದೊಂದು ಕೊಂಬೆ ಕತ್ತರಿಸಿ ಕೊಟ್ಟರು. ತುಳಸಿ ಹೇಗಿದ್ದಾಳೆ ಅಂತ ಮೊದಲು ಕೇಳಿಯೇ ಕೊಟ್ಟರು.

ಸಂಜೆ ಎಲ್ಲ ಸಿದ್ಧವಾಯಿತು. ಮೂಲೆಯ ಕುರ್ಚಿ ಖಾಲಿ. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಜನ ನಿಂತಿದ್ದರು, ನೆಲದ ಮೇಲೆ ಕೂತಿದ್ದರು, ಕುರ್ಚಿ ಮಾತ್ರ ಖಾಲಿ. ಎಲ್ಲರೂ ಮುಖ ಸಪ್ಪೆ ಮಾಡಿಕೊಂಡಿದ್ದರು. ನನಗೆ ಇಂಥದ್ದು ಕಂಡರೆ ಆಗುವುದಿಲ್ಲ, ಕುರ್ಚಿಯನ್ನು ಒಳಗಿಡಿ ಅಂತ ಹೇಳೋಣ ಅಂತಿದ್ದೆ. ಮಾಂಗಲ್ಯದ ಮಂತ್ರ ಹತ್ತಿರವಾಯಿತು. ಅಷ್ಟರಲ್ಲಿ ಅಳಿಯ ಮಗಳ ಪಕ್ಕದಿಂದ ಎದ್ದು, ಆ ಕುರ್ಚಿಯಲ್ಲಿ ಹೋಗಿ ಕೂತು, ಕೈ ಕಟ್ಟಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಏನ್ರೀ ಇದು?" ಎಂದಳು ಮಗಳು.

"ಕಾಫಿ ತಣ್ಣಗಿದೆ."

"ರೀ, ಕಾಫಿ ಮಾಡಿದ್ದು ನೀವೇ!"

"ಮಾಡಿದ್ದು ಯಾರಾದ್ರೂ ಆಗ್ಲಿ. ತಣ್ಣಗಿದೆ" ಎಂದರು ಅಳಿಯ, ಗೋಡೆಗೆ.

ನಾನು ಎದ್ದು ಹೋಗಿ ಕ್ಯಾಸೆಟ್ ನಿಲ್ಲಿಸಿದೆ.